ಕೆಸರು ಓದುವ ಎಲಿಯೇಶಿ ಕಾಯಾ

ಬೆಳಗಿನ ಐದೂಮುಕ್ಕಾಲು. ಮೇರು ಬೆಟ್ಟ ಇನ್ನೂ ಮೋಡದ ಕಂಬಳಿಯಿಂದ ತಲೆ ಹೊರಗೆ ಹಾಕಿಲ್ಲ. ಅರೂಷಾ ಪೇಟೆಯಂಚಿನ ಗಾಡಿ ತೊಳೆಯುವ ಅಂಗಳದಲ್ಲಿ ಒಂದು ಲ್ಯಾಂಡ್ ಕ್ರೂಸರ್ ನಿಂತಿದೆ. ಅದರ ಅಡಿಯಿಂದ ಎರಡು ರಬ್ಬರ್ ಬೂಟುಗಳು ಹೊರಗೆ ಚಾಚಿಕೊಂಡಿವೆ, ಜೊತೆಗೆ ಒಂದು ದನಿಯೂ ಬರುತ್ತಿದೆ.

"ಲೊಮಯಾನಿ, ಗಾಡಿ ಓಡಿಸ್ಕೊಂಡು ಬಂದ್ಯೋ, ಹೂತಿಟ್ಟು ಅಗೆದು ತಂದ್ಯೋ?"

ಬೂಟು, ದನಿ ಎರಡೂ ಎಲಿಯೇಶಿ ಕಾಯಾ ಅವರವು. ಎಲೆಮರೆಯ ಕಾಯಿ ಹುಡುಕಿಕೊಂಡು ಹೋದವನಿಗೆ ಹೆಸರಿನಲ್ಲೇ ಎಲೆಯೂ ಕಾಯಿಯೂ ಅರ್ಧರ್ಧ ಸಿಕ್ಕಿದ್ದು ನನ್ನ ಪುಣ್ಯ. ಐವತ್ತೊಂದು ವರ್ಷದ ಹೆಂಗಸು. ಅಂಗಳದಲ್ಲಿ ಎಲ್ಲರೂ ಕರೆಯುವುದು 'ಮಾಮಾ' ಎಂದು, ಇಲ್ಲಿನ ಮಾತಿನಲ್ಲಿ ಹಾಗೆಂದರೆ ಅಮ್ಮ. ಇಪ್ಪತ್ತೆರಡು ವರ್ಷದಿಂದ ಇದೇ ಅಂಗಳದಲ್ಲಿ ಸಫಾರಿ ಗಾಡಿ ತೊಳೆಯುತ್ತಿದ್ದಾರೆ. ದಿನಕ್ಕೆ ಹನ್ನೆರಡು ಗಾಡಿ, ಗಾಡಿಗೆ ಹದಿನೆಂಟು ಬಕೆಟ್ ನೀರು, ಮಧ್ಯೆ ಮೂರು ಲೋಟ ಚಹಾ, ಎಣ್ಣೆಯಲ್ಲಿ ಕರಿದ ಎರಡು ಮಂದಾಜಿ ಬನ್ನು. ನಮ್ಮಲ್ಲಿ ಕೆಸರು ಎರಚುವುದರಲ್ಲಿ ಹೆಸರು ಮಾಡಿದವರು ಬೇಕಾದಷ್ಟು ಜನರಿದ್ದಾರೆ. ಕೆಸರು ಓದಿ ಹೆಸರು ಮಾಡಿದವರು ಇವರೊಬ್ಬರೇ.

ಓದುವುದೆಂದರೆ ನಿಜಕ್ಕೂ ಓದುವುದೇ. ಕಾಡಿನಿಂದ ಬಂದ ಗಾಡಿಗೆ ಇವರು ಮೊದಲು ನೀರು ಹಾಕುವುದಿಲ್ಲ, ಬೆರಳು ಹಾಕುತ್ತಾರೆ. ಚಕ್ರದ ಸಂದಿಯ ಮಣ್ಣನ್ನು ಕೆರೆದು ಅಂಗೈಯಲ್ಲಿ ಉಜ್ಜಿ, ಮೂಸಿ, ಯಾವ ಕಾಡಿನಲ್ಲಿ ಮಳೆ ಬಿತ್ತು, ಯಾವ ಹೊಳೆ ಬತ್ತಿತು, ಯಾವ ಪ್ರಾಣಿ ಎತ್ತ ಸರಿಯಿತು ಎಂದು ಹೇಳುತ್ತಾರೆ. ಪೇಟೆಯ ಪ್ರವಾಸ ಕಚೇರಿಗಳಲ್ಲಿ ಗೋಡೆ ತುಂಬ ನಕ್ಷೆಗಳಿವೆ. ಆದರೂ ಯಾವ ಅತಿಥಿಯನ್ನು ಯಾವ ಕಾಡಿಗೆ ಕಳಿಸಬೇಕೆಂದು ಕೇಳಲು ಅಲ್ಲಿನವರು ಬೆಳಿಗ್ಗೆ ಬೆಳಿಗ್ಗೆ ಈ ಅಂಗಳಕ್ಕೇ ಬರುತ್ತಾರೆ. ಊರಿಗೆ ಹೋದ ಅತಿಥಿ ಕಚೇರಿಯನ್ನು ಹೊಗಳಿ ಕಾಗದ ಬರೆಯುತ್ತಾನೆ. ಎಲಿಯೇಶಿಯವರಿಗೆ ಸಿಗುವುದು ಇನ್ನೊಂದು ಕೊಳಕು ಗಾಡಿ.

ಅಕ್ಟೋಬರ್ ಕೊನೆಯ ಈ ಶುಕ್ರವಾರ ಓಡೋಡಿ ಬಂದವರು ಜುವೇರಿಯಾ. ಚಿಕ್ಕದೊಂದು ಸಫಾರಿ ಕಚೇರಿಯಲ್ಲಿ ಪ್ರವಾಸಗಳ ಯೋಜನೆ ಹಾಕುವ ಹೆಣ್ಣುಮಗಳು. ಈ ಸಲ ಆಕೆಯ ಗಿರಾಕಿಗಳು ಪರದೇಶದವರಲ್ಲ, ಮಾರುಕಟ್ಟೆಯಲ್ಲಿ ಟೊಮೇಟೊ ಮಾರುವ ಆರು ಜನ ಹೆಂಗಸರು. ಅವರ ಮುಂದಾಳು ಎಲಿಯೇಶಿಯವರ ಸ್ವಂತ ಅಕ್ಕ ಅನಾಸಿಯಾ. ಆನೆಯ ಊರಲ್ಲೇ ಹುಟ್ಟಿ ಬೆಳೆದರೂ ಆರರಲ್ಲಿ ಒಬ್ಬರೂ ಆನೆ ನೋಡಿಲ್ಲ. ಅವರಿಗೆ ತಾಯಾನೆ, ಮರಿಯಾನೆ, ಇಡೀ ಸಂಸಾರವನ್ನೇ ನೋಡಬೇಕು. ಮೂರು ವರ್ಷ ಕೂಡಿಟ್ಟ ಆಸೆ. ಇರುವುದು ಒಂದು ಭಾನುವಾರ, ಯಾಕೆಂದರೆ ಟೊಮೇಟೊ ಎರಡನೇ ದಿನ ಕಾಯುವುದಿಲ್ಲ. ಕಾಡಿನ ಪ್ರವೇಶಪತ್ರವನ್ನು ಇವತ್ತೇ ಮಾಡಿಸಬೇಕು. ಮಾಡಿಸಿದ ಮೇಲೆ ಬದಲಾಯಿಸುವ ಹಾಗಿಲ್ಲ.

"ಎಲ್ಲರ ಫೋಟೋದಲ್ಲೂ ಆ ದೊಡ್ಡ ಕುಳಿನೇ ಇರೋದು. ನಮ್ಮನ್ನೂ ಗೊರೊಂಗೊರೊಗೇ ಕಳ್ಸಮ್ಮ," ಎಂದು ಜೊತೆಗೇ ಬಂದ ಅನಾಸಿಯಾ ಹಟ ಹಿಡಿದಿದ್ದಾರೆ.

"ಅಕ್ಕಾ, ಆ ಕುಳೀಲಿ ಹೆಚ್ಚಾಗಿರೋದು ಮುದಿ ಗಂಡಾನೆಗಳು. ಸುಮ್ನೆ ನಿಂತ್ಕೊಂಡು ಮೇಯ್ತಿರ್ತವೆ. ಅದನ್ನ ನೋಡೋಕೆ ಅಷ್ಟು ದೂರ ಯಾಕೆ, ನಿನ್ನ ಮನೇಲೇ ಒಂದಿಲ್ವಾ?"

"ನಮ್ಮ ಯಜಮಾನ್ರು ಮೇಯೋದಾದ್ರೂ ಕೂತ್ಕೊಂಡು ಕಣೇ. ಹಾಗಾದ್ರೆ ಸೆರೆಂಗೆಟಿ?"

"ನೀನು ಹೋಗಿ ಬರೋಷ್ಟರಲ್ಲಿ ಟೊಮೇಟೊ ಸಾರಾಗಿರುತ್ತೆ. ತರಂಗಿರೆಗೆ ಹೋಗು. ಮಳೆ ಶುರುವಾಗೋವರೆಗೂ ಆನೆಗಳೆಲ್ಲ ಅಲ್ಲಿನ ಹೊಳೆ ಹತ್ರಾನೇ ಇರ್ತವೆ."

ಜುವೇರಿಯಾ ಚಾಲಕ ಲೊಮಯಾನಿಯ ಗಾಡಿಯತ್ತ ಬೆರಳು ತೋರಿಸುತ್ತಾರೆ. "ಮಾಮಾ, ಈ ಗಾಡಿ ನಿನ್ನೆ ಬಂದಿದ್ದೇ ತರಂಗಿರೆಯಿಂದ. ಬಾಗಿಲವರೆಗೂ ಕೆಸರು. ಅಲ್ಲಿ ಮಳೆ ಬಿದ್ದು ಆನೆಗಳು ಚದುರಿ ಹೋಗಿದ್ರೆ ಈ ಆರೂ ಜನ ಕೊಳೆತ ಟೊಮೇಟೊ ತಗೊಂಡು ನನ್ನ ಕಚೇರಿಗೇ ಬರ್ತಾರೆ!"

"ಕೊಳೆತಿದ್ದು ಯಾಕೆ, ನಿನಗೆ ಒಳ್ಳೇದೇ ಹೊಡೀತೀವಿ," ಎನ್ನುತ್ತಾರೆ ಅನಾಸಿಯಾ.

ಎಲಿಯೇಶಿ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮೂರು ವರ್ಷದ ಹಿಂದೆ ಇಂಥದೇ ಕೆಸರು ಅವರ ಮಾನ ಕಳೆದಿತ್ತು. ಗಾಡಿಗೆ ಮೆತ್ತಿದ ಕೆಸರು ನೋಡಿ ತರಂಗಿರೆಯಲ್ಲಿ ಮಳೆ ಎಂದು ಸಾರಿಬಿಟ್ಟರು. ನಾಲ್ಕು ಕಚೇರಿಗಳು ದಿಕ್ಕು ಬದಲಿಸಿದವು. ಆಮೇಲೆ ನೋಡಿದರೆ ಅಲ್ಲಿ ಹನಿಯೂ ಬಿದ್ದಿರಲಿಲ್ಲ, ಆನೆಗಳು ನೋಡುವವರಿಲ್ಲದೆ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದವು. ಆ ಗಾಡಿಯ ಚಾಲಕ ಅತಿಥಿಗಳನ್ನು ಇಳಿಸಿ ಹೆಂಡತಿಯ ತವರಿಗೆ ಹೋಗಿದ್ದ. ಗಾಡಿಯಿರುವ ಅಳಿಯ ಬಾಗಿಲ ಮುಂದೆ ಹಾದು ಹೋದರೆ ಅತ್ತೆ ಸುಮ್ಮನೆ ಬಿಡುವುದುಂಟೇ? ಒಳಗೆ ಕರೆದು, ಉಣ್ಣಿಸಿ, ಎರಡು ಗೊನೆ ಬಾಳೆಕಾಯಿ ಹೇರಿದ ಮೇಲೇ ಬಿಡುಗಡೆ. ಕೆಸರು ಅತ್ತೆಯ ಊರಿನದು!

"ಆಗ ವಾರವಿಡೀ ನನ್ನನ್ನ ಹವಾಮಾನ ಇಲಾಖೆ ಅಂತ ಕರೆದ್ರು. ಅಂಥ ಬೈಗುಳ ಯಾರಿಗೂ ಬೇಡ," ಎಂದು ನೆನೆದು ಈಗ ನಗುತ್ತಾರೆ.

ಅದಕ್ಕೇ ಇವತ್ತು ಅವಸರವಿಲ್ಲ. ಒಂದು ಹೆಂಟೆಯನ್ನು ಕಿತ್ತು ಮಧ್ಯಕ್ಕೆ ಮುರಿಯುತ್ತಾರೆ. ಒಳಗಿಂದ ಹಸಿರು ಪೈರಿನ ಎಸಳೊಂದು ಇಣುಕುತ್ತದೆ.

"ಲೊಮಯಾನಿ, ಇದೇನಪ್ಪಾ?"

"ಹುಲ್ಲು, ಮಾಮಾ."

"ಭತ್ತದ ಪೈರು ಕಣೋ! ತರಂಗಿರೆ ಆನೆಗಳು ಯಾವಾಗಿಂದ ನಾಟಿ ಶುರು ಮಾಡಿದ್ವು? ನಿನ್ನ ಅತ್ತೆ ಮನೆ ಎಲ್ಲಿ?"

ಲೊಮಯಾನಿ ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಾನೆ. "ಮ್ಟೋ ವಾ ಮ್ಬು ಊರಲ್ಲಿ... ಗದ್ದೆ ಬದೀಲೇ. ಯಜಮಾನ್ರಿಗೆ ಹೇಳ್ಬೇಡಿ ಮಾಮಾ."

"ಬಾಳೆಕಾಯಿ ಎಲ್ಲಿ?"

"ಹಿಂದಿನ ಸೀಟಿನ ಕೆಳಗೆ."

ಅನಾಸಿಯಾ ಆಗಲೇ ಒಂದು ಗೊನೆಯನ್ನು ಮುಟ್ಟುಗೋಲು ಹಾಕಿಕೊಂಡಿದ್ದಾರೆ. ಎಲಿಯೇಶಿ ಕೆಸರಿನ ಪದರವನ್ನು ಪೂರ್ತಿ ಕಿತ್ತು, ಅದರ ಕೆಳಗಿನ ತಗಡನ್ನು ಬೆರಳಲ್ಲಿ ಸವರುತ್ತಾರೆ. ಒಣಗಿದ ಸಣ್ಣ ಧೂಳು. ಧೂಳಿನಲ್ಲಿ ಆನೆ ಲದ್ದಿಯ ನಾರು. ಅದನ್ನು ಜುವೇರಿಯಾಗೆ ಹಿಡಿದು ತೋರಿಸುತ್ತಾರೆ. "ಮೊದಲು ಧೂಳು, ಆಮೇಲೆ ಕೆಸರು. ಕಾಡು ಒಣಗಿದೆ, ಗದ್ದೆ ಒದ್ದೆಯಾಗಿದೆ. ಹೋಗಿ ತರಂಗಿರೆಗೆ ಪತ್ರ ಮಾಡಿಸು."

"ಖಂಡಿತಾನಾ ಮಾಮಾ?"

"ತಪ್ಪಾದ್ರೆ ಅಕ್ಕನ ಟೊಮೇಟೊ ಏಟು ನನಗೇ."

ಭಾನುವಾರ ನಸುಕಿನಲ್ಲಿ ಆರು ಹೆಂಗಸರು ಹಬ್ಬದ ಕಾಂಗಾ ಬಟ್ಟೆ ಉಟ್ಟು ಹೊರಡುತ್ತಾರೆ. ಏಳನೇ ಸೀಟು ಖಾಲಿ. ಅಕ್ಕ ಎಷ್ಟು ಕರೆದರೂ ಎಲಿಯೇಶಿ ಹತ್ತುವುದಿಲ್ಲ. "ನಾನು ಬಂದ್ರೆ ನೆಲಾನೇ ನೋಡ್ತಿರ್ತೀನಿ, ನಿಮಗೂ ಬೇಜಾರು." ಅಂದು ಎಂದಿನ ಹನ್ನೆರಡಲ್ಲ, ಒಂಬತ್ತೇ ಗಾಡಿ ತೊಳೆಯುತ್ತಾರೆ. ಉಳಿದ ಹೊತ್ತೆಲ್ಲ ಆಕಾಶ ನೋಡುವುದೇ ಕೆಲಸ. ದಕ್ಷಿಣಕ್ಕೆ, ತರಂಗಿರೆಯ ಕಡೆ, ಒಂದು ಮೋಡ ಕಂಡರೆ ಚಹಾ ತಣ್ಣಗಾಗುತ್ತದೆ.

ಸಂಜೆ ಐದೂವರೆಗೆ ಗಾಡಿ ಅಂಗಳಕ್ಕೆ ತಿರುಗುತ್ತದೆ. ತಲೆಯಿಂದ ಚಕ್ರದವರೆಗೆ ಧೂಳು. ಒಳಗಿನಿಂದ ಆರು ಗಂಟಲುಗಳು ಒಟ್ಟಿಗೆ ಕೂಗುತ್ತಿವೆ. ಎಪ್ಪತ್ತು ಅಂತ ಒಬ್ಬರು, ಎಂಬತ್ಮೂರು ಅಂತ ಇನ್ನೊಬ್ಬರು. ಮರಿಗಳನ್ನು ಬೇರೆ ಎಣಿಸಬೇಕೋ ಬೇಡವೋ ಎಂದು ಮತ್ತಿಬ್ಬರಿಗೆ ಜಗಳ. ಅನಾಸಿಯಾ ಇಳಿದು ತಂಗಿಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

"ಒಂದು ಮರಿ ಕಣೇ, ಹೊಳೆ ಕೆಸರಲ್ಲಿ ಜಾರಿ ಬಿತ್ತು. ಅಮ್ಮ ಸೊಂಡಿಲಲ್ಲಿ ಎತ್ತಿ ನಿಲ್ಲಿಸ್ತು. ಥೇಟ್ ನಮ್ಮಮ್ಮ ನಿನ್ನ ಎತ್ತಿ ನಿಲ್ಲಿಸ್ತಿದ್ದ ಹಾಗೆ. ಒಂದು ಏಟು ಹಾಕಿದ್ರೆ ಪೂರ್ತಿ ಅಮ್ಮನೇ."

ಎಲಿಯೇಶಿ ಬಕೆಟ್ ಎತ್ತಿಕೊಳ್ಳುತ್ತಾರೆ. ಅಕ್ಕ ಬಕೆಟ್ಟನ್ನೇ ಹಿಡಿದು ನಿಲ್ಲಿಸುತ್ತಾರೆ.

"ಮುಟ್ಟಿದ್ರೆ ನೋಡು! ನಾಳೆ ಬೆಳಿಗ್ಗೆ ಇದೇ ಗಾಡೀಲಿ ಮಾರುಕಟ್ಟೆಗೆ ಹೋಗಿ ಇಳೀತೀವಿ. ಆರೂ ಜನ ಎಲ್ಲಿಗೆ ಹೋಗಿದ್ರು ಅಂತ ಎಲ್ಲರೂ ನೋಡ್ಲಿ."

ಜುವೇರಿಯಾ ಒಪ್ಪುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಎಲಿಯೇಶಿ ತೊಳೆಯದೆ ಕಳಿಸುವ ಮೊದಲ ಗಾಡಿ ಇದು. ಅದು ರಸ್ತೆಗಿಳಿದು ಮರೆಯಾಗುವವರೆಗೂ ನೋಡುತ್ತ ನಿಂತು, ಒದ್ದೆ ಕೈಯನ್ನು ಕಾಂಗಾಗೆ ಒರೆಸಿಕೊಳ್ಳುತ್ತಾರೆ.

"ಇರ್ಲಿ ಬಿಡಿ," ಎನ್ನುತ್ತಾರೆ. "ಆ ಧೂಳು ನಾನೇ ಆರಿಸಿ ಕೊಟ್ಟಿದ್ದು."