ಪಾರ್ಚ್‌ಮೆಂಟ್ ಬಣ್ಣದ ಕಾಗದ

ಕಾಫಿ ಸೀಮೆಯ ಬಣಕಲ್‌ನಲ್ಲಿ ಒಬ್ಬ ಸ್ಟುಡಿಯೋದವರಿದ್ದರು. ಊರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುವ ಈ ಕಾಲದಲ್ಲೂ ಕತ್ತಲೆಕೋಣೆಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ಮಾಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಸದಾ ನಾಲ್ಕು ಪಾರ್ಚ್‌ಮೆಂಟ್ ಕಾಫಿ ಕಾಳು, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಕಾಳು, ಇರುತ್ತಿದ್ದವು. ಹೊಸ ಕಾಗದ ಬಂದರೆ ಒಂದು ಪ್ರಿಂಟ್ ಮಾಡಿ, ಒಣಗಿಸಿ, ಅದರ ಬಿಳಿ ಅಂಚಿನ ಮೇಲೆ ಆ ಕೆನೆಬಣ್ಣದ ಕಾಳುಗಳನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವರು. ಬಣ್ಣ ಹೊಂದದಿದ್ದರೆ ಆ ಕಾಗದ ಅವರಿಗೆ ಆಗದು. ಒದ್ದೆ ಪ್ರಿಂಟ್ ನೋಡಿ ಯಾರಾದರೂ ಬಾಯಿ ತೆರೆದರೆ, "ಒಣಗ್ಲಿ ಮಾರಾಯ, ಆಮೇಲೆ ಮಾತಾಡು" ಎನ್ನುವರು.

ಒಮ್ಮೆ ಅಮ್ಮನ ಫೋಟೋ ತೆಗೆಸಲು ಅವಳನ್ನು ಅಲ್ಲಿಗೆ ಕರೆದೊಯ್ದೆ. ಕಪ್ಪು-ಬಿಳುಪು ಎಂದದ್ದೇ ತಡ, ಅಮ್ಮ ರೇಗಿದಳು. "ಗೋಡೆಗೆ ನೇತುಹಾಕಿ ಹಾರ ಹಾಕೋದಕ್ಕಾ? ನಾನಿನ್ನೂ ಇದ್ದೀನಿ ಕಣೋ!"

"ಪ್ರಿಂಟ್ ಒಣಗ್ಲಿ ಅಮ್ಮಾ, ಆಮೇಲೆ ಬೈಯಿರಂತೆ" ಎಂದರು ಅವರು.

ವಾರ ಬಿಟ್ಟು ಹೋದಾಗ ಒಂದೇ ಫೋಟೋವನ್ನು ಎರಡು ಕಾಗದದಲ್ಲಿ ಪ್ರಿಂಟ್ ಮಾಡಿ ಮೇಜಿನ ಮೇಲಿಟ್ಟಿದ್ದರು. ಅಚ್ಚಬಿಳಿ ಕಾಗದದಲ್ಲಿ ಅಮ್ಮ ಕಲ್ಲಿನ ಹಾಗೆ ಕೂತಿದ್ದಳು. ಕಾಳಿನ ಬಣ್ಣದ ಕಾಗದದಲ್ಲಿ ಎಳೆಬಿಸಿಲು ಕಾಯಿಸುತ್ತ ಕೂತಿದ್ದಳು.

ಅಮ್ಮ ಎರಡನ್ನೂ ಬಹಳ ಹೊತ್ತು ನೋಡಿ, ಬಿಸಿಲಿನದನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅಚ್ಚಬಿಳಿಯದನ್ನು ನನ್ನ ಕೈಗೆ ಕೊಟ್ಟು, "ಇದನ್ನ ಎತ್ತಿಡು. ಮುಂದೆ ಹಾರ ಹಾಕೋಕೆ ಬೇಕಾಗುತ್ತೆ" ಎಂದಳು.

ಸ್ಟುಡಿಯೋದವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ಅಷ್ಟು ಮುಂದಿನ ಆರ್ಡರ್ ನಾನು ತಗೊಳ್ಳಲ್ಲ ಅಮ್ಮಾ."