ಅಜ್ಜಿಯ ಮಂಡಿನೋವಿಗೆ ನಾನು ಕಳಿಸಿದ ಪಟ್ಟಿ

ನಾನು ಓದಿದ್ದು ಏಳನೇ ಕ್ಲಾಸು. ಇತಿಹಾಸ ಅಂದರೆ ನೆನಪಿರುವುದು ಮಾಸ್ಟ್ರ ಬೆತ್ತ ಮಾತ್ರ. ಯಾವ ದೇಶವನ್ನು ಯಾರು ಆಳಿದರು ಎನ್ನುವುದು ನನಗೆ ತಿಳಿದದ್ದು ಸಿಂಗಾಪುರದ ಸೆರಂಗೂನಿನ ಒಂದು ಸಸ್ಯಾಹಾರಿ ಹೋಟೆಲಿನ ದೋಸೆ ಕಾವಲಿಯ ಪಕ್ಕದಲ್ಲಿ. ಅದೂ ಪೆಟ್ಟು ತಿಂದ ಮೇಲೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾವು ಕಾವಲಿ ಆರಿಸುತ್ತಿದ್ದೆವು. ಆ ಹೊತ್ತಿಗೆ ಫಿಲಿಪ್ಪೀನ್ಸಿನ ಒಬ್ಬ ಹೆಂಗಸು ಬರುತ್ತಿದ್ದಳು. ಬ್ಯೂನಾ ವಿಸ್ಟಾದ ಕಾಂಡೋದಲ್ಲಿ ಬೆಂಗಳೂರಿನವರ ಮನೆಗೆಲಸ ಅವಳದ್ದು. ಎಂಟು ವರ್ಷ ಆ ಮನೆಯ ಮುದುಕಿಯ ಜೊತೆ ಅಡುಗೆಮನೆಯಲ್ಲಿ ಬೆಂದು ಕನ್ನಡ ಕಲಿತಿದ್ದಳು. ಕೊರಳಲ್ಲಿ ಶಿಲುಬೆ, ಬಾಯಲ್ಲಿ "ಅಯ್ಯೋ ರಾಮ". ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ.

ಅವಳ ಮೇಡಮ್ ಒಮ್ಮೆ ನಮ್ಮ ಹೋಟೆಲಿಗೆ ಬಂದು ಗೆಳತಿಗೆ ಹೇಳಿದ್ದರು: "ಈ ಫಿಲಿಪ್ಪೀನ್ಸಿನವ್ರು ಹುಟ್ತಾನೇ ಸರ್ವಿಸ್ ಮೈಂಡೆಡ್ ಕಣೇ. ಇಂಗ್ಲಿಷೂ ಸೂಪರ್." ನಾನೂ ಅದನ್ನು ನಂಬಿದ್ದೆ.

"ನಿಮ್ಗೆ ಪುಣ್ಯ ಮಾರಾಯ್ತಿ. ಅಮೆರಿಕದವ್ರು ಬಂದು ಇಂಗ್ಲಿಷ್ ಕಲ್ಸಿ ಹೋದ್ರು," ಅಂದೆ ಅಕ್ಕನಿಗೆ.

"ಹೌದು ಲಾ. ಊರವರ ಬಾತ್‌ರೂಮ್ ಎಲ್ಲಾ ಇಂಗ್ಲಿಷಲ್ಲೇ ತೊಳೀತೀವಿ."

ಅಕ್ಕನನ್ನು ಸಾಕಿದ್ದು ಅವಳ ಅಜ್ಜಿ. ತೊಂಬತ್ತಕ್ಕೆ ಹತ್ತಿರ, ಮಂಡಿ ಹಿಡಿದುಕೊಂಡೇ ಓಡಾಟ. ಪ್ರತಿ ಭಾನುವಾರ ವಿಡಿಯೋ ಕಾಲ್. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಊರಿಗೆ ಹಡಗಿನಲ್ಲಿ ದೊಡ್ಡ ರಟ್ಟಿನ ಡಬ್ಬಿ. ಅವರ ಮಂದಿಯೆಲ್ಲ ಕಳಿಸುತ್ತಾರೆ: ಸೋಪು, ಚಾಕಲೇಟು, ಟವೆಲು, ಡಬ್ಬಿಯ ದನದ ಮಾಂಸ. ಒಳಗೆ ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟರೂ ಮರ್ಯಾದೆ ಹೋಯಿತು.

ಆ ವರ್ಷ ಫ್ಲಾಟುಗಳ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಕೂತು ತುಂಬಿಸುವಾಗ ಮೂಲೆಯಲ್ಲಿ ಜಾಗ ಉಳಿಯಿತು. ನಾನು ದೊಡ್ಡ ಮನುಷ್ಯನ ಹಾಗೆ ಎದ್ದು ಹೋಗಿ, ಶಾಪಿಂಗ್ ಮಾಲಿನ ಜಪಾನಿ ಅಂಗಡಿಯಿಂದ ಮಂಡಿಗೆ ಅಂಟಿಸುವ ನೋವಿನ ಪಟ್ಟಿ ತಂದೆ. ಪ್ಯಾಕೆಟ್ಟಿನ ತುಂಬ ಅವರದೇ ಅಕ್ಷರ. ಜಪಾನಿ ಮಾಲು ಅಂದರೆ ಒಳ್ಳೆಯ ಮಾಲು, ನನಗೆ ಅಷ್ಟೇ ಗೊತ್ತು. ಅಕ್ಕ ಟೇಪು ಹುಡುಕುತ್ತಿದ್ದಳು. ನಾನು ಪ್ಯಾಕೆಟ್ ತುರುಕಿ ಮುಚ್ಚಿದೆ.

ಡಬ್ಬಿ ಮುಟ್ಟಿದ ಮೇಲೆ ಅಜ್ಜಿ ಫೋನಿಗೆ ಬರುವುದನ್ನೇ ನಿಲ್ಲಿಸಿದಳು. ಮೂರನೇ ಭಾನುವಾರ ಅಕ್ಕ ಊದಿದ ಕಣ್ಣು ಹೊತ್ತು ಬಂದಳು.

"ಯಾವುದೋ ಪಟ್ಟಿ ನೋಡಿ ಹಂದಿಗೂಡಿಗೆ ಎಸೆದ್ರಂತೆ. ಅಮ್ಮ ಹೇಳ್ತಾಳೆ, ವಯಸ್ಸು ಅಂತ. ಅಜ್ಜಿ ಮಾತಾಡ್ದೆ ಸತ್ತೋದ್ರೆ ನಾನ್ ಏನ್ ಮಾಡ್ಲಿ? ಪಟ್ಟಿ ನಾನ್ ಹಾಕೇ ಇಲ್ಲ!"

"ನಾನು ಹಾಕಿದ್ದು," ಅಂದೆ.

ಬೆನ್ನಿಗೆ ಒಂದು ಬಿತ್ತು. ಆಮೇಲೆ ಅಲ್ಲೇ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, "ಹೇಳು," ಅಂದಳು. ಆ ಕಡೆ ಅವಳ ಅಮ್ಮ ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದಳು. ಅಜ್ಜಿ ಗೋಡೆ ಕಡೆ ತಿರುಗಿದಳು.

ನಾನು ಕೈಮುಗಿದೆ. "ಅಜ್ಜಿ, ಪಟ್ಟಿ ಹಾಕಿದ್ದು ನಾನು. ಬೈಯುವುದಾದ್ರೆ ನಂಗೆ ಬೈಯಿ."

ಅಕ್ಕ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು.

"ಯಾರಿವನು ಅಂತಾರೆ. ದೋಸೆ ಹುಯ್ಯೋನು ಅಂದೆ. ಆಮೇಲೆ ನನ್ನ ಕೇಳ್ತಾರೆ, 'ಹಾಗಾದ್ರೆ ನಿಂಗೆ ಯಾರೂ ಹೇಳಿಲ್ವಾ? ಗೊತ್ತಾಗಿ ಹಂಗಿಸೋಕೆ ಕಳಿಸಿದೆ ಅಂದ್ಕೊಂಡೆ' ಅಂತಾರೆ." ಅಕ್ಕನ ದನಿ ಸಣ್ಣಗಾಯಿತು. "ಏನು ಗೊತ್ತಾಗಿ?"

ಆಮೇಲೆ ಅಜ್ಜಿ ಹೇಳುತ್ತ ಹೋದಳು, ಅಕ್ಕ ತುಂಡುತುಂಡಾಗಿ ಕನ್ನಡಕ್ಕೆ ತಂದಳು. ಯುದ್ಧದ ಕಾಲ. ಅಜ್ಜಿಗೆ ಹದಿನಾಲ್ಕು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ಜಪಾನಿ ಸೈನಿಕರು ಎಳೆದೊಯ್ದು ಊರಿನ ಸ್ಕೂಲಿನಲ್ಲಿ ಕೂಡಿಹಾಕಿದರು. ಮೂರು ತಿಂಗಳು. ಗೋಡೆಯ ಮೇಲೆ ಅವರ ಅಕ್ಷರದ ಬೋರ್ಡು. ಅವರು ಮೈಮೇಲೆ ಬಂದಾಗ ಅಜ್ಜಿ ಆ ಬೋರ್ಡನ್ನೇ ನೋಡುತ್ತಿದ್ದಳಂತೆ.

ನಡುವೆ ಒಂದು ಕಡೆ ಅಕ್ಕ ನಿಲ್ಲಿಸಿಬಿಟ್ಟಳು. "ಏನಂದ್ರು?" ಅಂದೆ. "ಸುಮ್ನಿರು," ಅಂದಳು.

ಬಿಡಿಸಿಕೊಂಡು ಬಂದ ಮೇಲೆ ಚರ್ಚಿನ ಪಾದ್ರಿ ಪಾಪ ಒಪ್ಪಿಕೋ ಅಂದರಂತೆ. "'ಪಾಪ ಯಾರ್ದು ಅಂತ ಕೇಳ್ದೆ. ಬಾಗಿಲು ತೋರಿಸಿದ್ರು' ಅಂತಾರೆ." ಸ್ಪೇನಿನವರು ಮುನ್ನೂರು ವರ್ಷ ಆ ದೇಶ ಆಳಿ, ಚರ್ಚಿನ ಜೊತೆ ಬಿಟ್ಟುಹೋದದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಇದು, ಹುಡುಗಿಯರು ತಲೆ ತಗ್ಗಿಸುವುದು. ಗೆದ್ದು ಬಂದ ಅಮೆರಿಕದವರು ಲಾರಿಯ ಮೇಲಿಂದ ಮಾಂಸದ ಡಬ್ಬಿ ಎಸೆದರು. ಕೆಲವರು ಡಬ್ಬಿ ಆಡಿಸಿ ತೋರಿಸಿ ಹುಡುಗಿಯರನ್ನು ಕರೆದರು. ಕಟ್ಟಿಕೊಂಡ ಗಂಡ ಕುಡಿದಾಗಲೆಲ್ಲ ಅಜ್ಜಿಯನ್ನು ಜಪಾನಿಗಳ ಎಂಜಲು ಅನ್ನುತ್ತಿದ್ದನಂತೆ. ಅವನು ಸತ್ತ ಮೇಲೆ ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ. ಫೋನು ಹಿಡಿದಿದ್ದ ಆ ಮಗಳು ಅದನ್ನು ಮಡಿಲಿಗೆ ಇಳಿಸಿದಳು, ಒಂದಷ್ಟು ಹೊತ್ತು ನಮಗೆ ಬರೀ ಮನೆಯ ಮಾಡು ಕಂಡಿತು.

ಹುಟ್ತಾನೇ ಸರ್ವಿಸ್ ಮೈಂಡೆಡ್ ಅಂತೆ. ಮೇಡಮ್ಮನ ಬಾಯಿಗೆ ಬಿಸಿ ಕಾವಲಿ ಹಿಡಿಯಬೇಕು ಅನಿಸಿತು. ಅದನ್ನು ನಂಬಿದ್ದ ನನ್ನ ಬಾಯಿಗೂ.

ಫೋನು ನೆಟ್ಟಗಾಯಿತು. ಅಜ್ಜಿ ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದಳು.

"ನಿಮ್ದು ಯಾವ ಅಕ್ಷರ ಅಂತ ಕೇಳ್ತಾರೆ."

ಗೋಡೆಯ ಕನ್ನಡ ಕ್ಯಾಲೆಂಡರು ಕಿತ್ತು ಫೋನಿನ ಮುಂದೆ ಹಿಡಿದೆ. ಅಜ್ಜಿ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

"'ಈ ದುಂಡು ಅಕ್ಷರದೋರು ನಮ್ಮೂರಿಗೆ ಬಂದಿಲ್ಲ. ಮಂಡಿ ಇನ್ನೂ ನೋಯ್ತಿದೆ, ಈ ಅಕ್ಷರದ್ದು ಏನಾದ್ರೂ ಕಳಿಸು' ಅಂತಾರೆ." ಅಕ್ಕ ಅಳುತ್ತಲೇ ನಕ್ಕಳು.

ನಮ್ಮೂರಿನ ನೋವಿನೆಣ್ಣೆಯ ಎರಡು ಬಾಟಲಿ ಕಳಿಸಿದೆ. ಮುಟ್ಟಿದ ಭಾನುವಾರ ಅಜ್ಜಿ ತಾನೇ ಫೋನು ಮಾಡಿಸಿ ಅರ್ಧ ಗಂಟೆ ನನಗೆ ಬೈದಳು. ಅದಕ್ಕೆ ಸತ್ತ ಇಲಿಯ ವಾಸನೆಯಂತೆ. ಲುಂಗಿಯಂಥದ್ದನ್ನು ಮಂಡಿಯವರೆಗೆ ಎತ್ತಿ ತೋರಿಸಿದಳು. ಎಣ್ಣೆ ಮಿರಮಿರ ಮಿನುಗುತ್ತಿತ್ತು.