ಹರಕೆಯ ಮನೆಯಲ್ಲಿ ಗಾಳದ ನೊಣ

ನಮ್ಮ ಮನೆಯವರು ನೊಣ ಕಟ್ಟುತ್ತಾರೆ. ಹೂ ಕಟ್ಟುವವರಿದ್ದಾರೆ, ಮನೆ ಕಟ್ಟುವವರಿದ್ದಾರೆ. ರಾಣೆಬೆನ್ನೂರಿನಲ್ಲಿ ನೊಣ ಕಟ್ಟುವವರು ಇವರೊಬ್ಬರೇ ಇರಬೇಕು. ಗಾಳದ ಕೊಕ್ಕೆಗೆ ಗರಿ, ದಾರ, ಮಿಂಚಿನ ಎಳೆ ಸುತ್ತಿ ನೊಣದ ಹಾಗೆ ಮಾಡುವುದು, ಅದನ್ನು ನೀರಿನ ಮೇಲೆ ಬೀಸಿ ಮೀನಿಗೆ ಮೋಸ ಮಾಡುವುದು, ಸಿಕ್ಕ ಮೀನನ್ನು ಎತ್ತಿ ಫೋಟೊ ತೆಗೆದುಕೊಂಡು ಮತ್ತೆ ನೀರಿಗೇ ಬಿಡುವುದು. ತಿನ್ನುವ ಮಾತೇ ಇಲ್ಲ, ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ತಿನ್ನುವವನು ಮೀನು ಹಿಡಿದರೆ ಹಸಿವು ಎನ್ನಬಹುದು. ತಿನ್ನದವನು ಹಿಡಿದರೆ ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಇದಕ್ಕೆಲ್ಲ ಮೊದಲು ಒಂದು ಹರಕೆ ಇತ್ತು. ಮೂರು ವರ್ಷದ ಹಿಂದೆ ಅವರಿಗೆ ಎದೆಯ ಆಪರೇಷನ್ ಆಯಿತು. ಅವರು ಒಳಗೆ, ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಗಳಗನಾಥದ ಈಶ್ವರನನ್ನು ನೆನೆದು ಕಣ್ಣು ಮುಚ್ಚಿ ಬೇಡಿಕೊಂಡೆ. "ಇವರನ್ನ ಎಬ್ಬಿಸಿ ಕಳಸಪಾ. ಇನ್ನ ಮ್ಯಾಲೆ ನಮ್ಮ ಮನಿಯವರ ಕೈಲೆ ಒಂದು ಜೀವಕ್ಕೂ ನೋವಾಗದಂಗ ನೋಡ್ಕೊಂತೀನಿ." ನೋವು ಎಂದೆ. ಆ ಮಾತನ್ನು ಕೇಳಿದವರು ಇಬ್ಬರೇ, ನಾನು ಮತ್ತು ಆ ದೇವರು.

ದೇವರು ಎಬ್ಬಿಸಿ ಕಳಿಸಿದ. ಅಂದಿನಿಂದ ನಮ್ಮ ಮನೆಯಲ್ಲಿ ಜಿರಳೆಯನ್ನೂ ಬಡಿಯುವುದಿಲ್ಲ, ಪೊರಕೆಯಿಂದ ಹೊರಗೆ ದಾರಿ ತೋರಿಸುತ್ತೇನೆ. ಇಲಿಯನ್ನು ಬೋನಿನಲ್ಲಿ ಹಿಡಿದು ರೈಲು ಹಳಿಯ ಆಚೆಗಿನ ಹೊಲಕ್ಕೆ ಬಿಟ್ಟು ಬರುತ್ತೇನೆ. ಇಲಿ ನನಗಿಂತ ಮೊದಲೇ ಮನೆಗೆ ಬಂದಿರುತ್ತದೆ ಎಂದು ಇವರು ಚೇಷ್ಟೆ ಮಾಡುತ್ತಾರೆ. ಮಾಡಲಿ, ಚೇಷ್ಟೆ ಮಾಡಲು ಬಾಯಿ ಉಳಿದಿದೆಯಲ್ಲ.

ಆದರೆ ಎದ್ದು ಬಂದವರು ಕುಳಿತರು, ಕುಳಿತೇಬಿಟ್ಟರು. ಬೀಜದ ಕಂಪನಿಯ ಕೆಲಸದಿಂದ ಆಗಲೇ ನಿವೃತ್ತರಾಗಿದ್ದರು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಇವರು ನಡೆದದ್ದು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಕೈಯಲ್ಲಿ ಫೋನು. ಆ ಫೋನಿನಲ್ಲಿ ಒಂದು ದಿನ ಯಾವನೋ ಬಿಳಿಯನೊಬ್ಬ ಸೊಂಟಮಟ್ಟದ ನೀರಿನಲ್ಲಿ ನಿಂತು ಗಾಳದ ಕೋಲನ್ನು ಚಾಟಿಯಂತೆ ಬೀಸುತ್ತಿದ್ದ. ಅಲ್ಲಿಂದ ಶುರುವಾಯಿತು.

ಕೊರಿಯರ್ ಹುಡುಗರಿಗೆ ನಮ್ಮ ಗೇಟು ರೂಢಿಯಾಯಿತು. ನಾಲ್ಕು ತುಂಡಿನ ಒಂದು ಕೋಲು ಬಂತು. ಅದು ನದಿಗಂತೆ, ಐದನೇ ನಂಬರು. ಮತ್ತೊಂದು ಬಂತು, ಸಮುದ್ರಕ್ಕಂತೆ, ಎಂಟನೇ ನಂಬರು. ಗಾಳಕ್ಕೆ ತೂಕವೇ ಇಲ್ಲವಂತೆ, ದಾರದ ತೂಕವೇ ಅದನ್ನು ಒಯ್ಯಬೇಕಂತೆ, ಅದಕ್ಕೇ ಆ ದಾರ ಲಾಡಿಯಷ್ಟು ದಪ್ಪ. ಮೈತುಂಬ ಕಿಸೆಗಳಿರುವ ಒಂದು ಜಾಕೀಟು ಬಂತು. ಒಗೆಯುವ ಮೊದಲು ಅಷ್ಟೂ ಕಿಸೆ ತಡಕಿದರೆ ಸಿಕ್ಕದ್ದು ಎರಡು ಯಾಲಕ್ಕಿ ಮತ್ತು ನುಂಗದೆ ಬಿಟ್ಟ ಬಿಪಿ ಗುಳಿಗೆ.

ಬೀಸುವ ಅಭ್ಯಾಸ ಮಾಳಿಗೆಯ ಮೇಲೆ. ಗಡಿಯಾರದ ಮುಳ್ಳಿನಂತೆ ಕೈ ಹತ್ತಕ್ಕೂ ಎರಡಕ್ಕೂ ನಡುವೆ ಆಡಬೇಕಂತೆ. ಬ್ಯಾಡಗಿ ಪೇಟೆಯಿಂದ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತಂದು ನಾನು ಅಲ್ಲಿಯೇ ಹರವಿದ್ದೆ. ಹತ್ತಕ್ಕೆ ಹೋದ ದಾರ ಎರಡಕ್ಕೆ ಬರುವಾಗ ಮೆಣಸಿನಕಾಯಿ ಎಬ್ಬಿಸಿಕೊಂಡು ಬಂತು. ಇಬ್ಬರೂ ಕಣ್ಣು ತಿಕ್ಕಿಕೊಂಡು ಸೀನುತ್ತ ನಿಂತೆವು.

"ಮೊದಲನೇ ಸಲ ಏನೋ ಹಿಡದ್ರಿ ಬಿಡ್ರಿ," ಎಂದೆ. "ಇದನ್ನೂ ನೀರಿಗೆ ಬಿಡ್ತೀರೇನು?"

ಹರಕೆ ಇರುವುದು ಅವರಿಗೆ ಗೊತ್ತಿತ್ತು, ಅದರ ಮಾತು ಗೊತ್ತಿರಲಿಲ್ಲ. ಆಗಲೇ ಕೇಳಿದರು. "ನಿನ್ನ ಹರಕಿಗೇನೂ ತೊಂದ್ರಿಲ್ಲ ನೋಡು. ನಾ ಹಿಡದು ಬಿಡಾಂವ, ಕೊಲ್ಲೂದಿಲ್ಲ. ನೀ ಬೇಡಿಕೊಂಡದ್ದು ಸಾವು ಆಗಬಾರದು ಅಂತ, ಹೌದಿಲ್ಲೋ?"

ಬಿಸಿಲಲ್ಲಿ ನಿಂತಿದ್ದರು. ಆಪರೇಷನ್ ಆದ ಮೇಲೆ ತಾವಾಗಿ ಮೆಟ್ಟಿಲು ಹತ್ತಿದ್ದು ಅದೇ ವಾರ. ಮುಖಕ್ಕೆ ರಕ್ತ ಬಂದಿತ್ತು. "ಹೂಂ," ಎಂದೆ. ದೇವರಿಗೆ ಕೊಟ್ಟ ಮಾತಿನಲ್ಲಿ ಒಂದು ಅಕ್ಷರ ಬದಲಾಯಿಸಿದೆ. ಮಾಡಿದ್ದು ಅವರಲ್ಲ, ನಾನು.

ಒಂದೇ ಒಂದು ಕರಾರು ಹಾಕಿದೆ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ತಿರುಗಿದ ಸಣ್ಣ ಮುಳ್ಳು ಇರುತ್ತದೆ, ಚುಚ್ಚಿದ್ದು ಬಿಚ್ಚದಂತೆ. ಅದನ್ನು ಇಕ್ಕಳದಿಂದ ಒತ್ತಿ ಮಲಗಿಸಬೇಕು. ಅದನ್ನು ತಮ್ಮ ವಿಡಿಯೊಗಳೂ ಹೇಳುತ್ತವೆ ಎಂದು ಹಿಗ್ಗಿದರು, ನಾನೇನೋ ಅವರ ಕಡೆಗೆ ಸೇರಿದೆ ಎಂಬಂತೆ.

ಸೇರಿಯೂಬಿಟ್ಟೆ. ಒಂದು ಬೆಳಿಗ್ಗೆ ದೇವರ ಮನೆಯ ನವಿಲುಗರಿಯ ಬೀಸಣಿಗೆ ಬೋಳಾಗಿತ್ತು. ಹಸಿರು ಎಳೆಗಳನ್ನೆಲ್ಲ ಬಿಡಿಸಿ ಕೊಕ್ಕೆಗೆ ಸುತ್ತಿದ್ದರು. ಸುತ್ತಿದ್ದಾದರೂ ನೆಟ್ಟಗಿದೆಯೇ, ಒಗೆದ ಕಾಲುಚೀಲದ ನೂಲು ಬಿಚ್ಚಿದಂತಿತ್ತು. ಬೈದೆ, ಗಲ್ಲ ಬಡಿದುಕೊಂಡು ದೇವರಿಗೆ ತಪ್ಪು ಒಪ್ಪಿಸಿದೆ. ಆಮೇಲೆ ನೋಡಲಾಗದೆ ಇಸಿದುಕೊಂಡು ಮಲ್ಲಿಗೆ ದಂಡೆಗೆ ಹಾಕುವ ಗಂಟನ್ನೇ ಹಾಕಿ ಬಿಗಿದುಕೊಟ್ಟೆ. ಅದು ಬಿಚ್ಚಲಿಲ್ಲ. ಅಂದಿನಿಂದ ನೊಣ ಕಟ್ಟುವವರು ಅವರು, ಗಂಟು ಹಾಕುವವಳು ನಾನು.

ಸಮುದ್ರಕ್ಕೂ ಹೋಗಿ ಬಂದೆವು. ಹಾವೇರಿ ದಾಟಿ, ಶಿರಸಿಯ ಘಟ್ಟ ಇಳಿದು, ಕುಮಟೆಯ ದಂಡೆಗೆ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನಾನು ಉಸುಕಿನ ಮೇಲೆ ಕುಳಿತೆ. ಸಮುದ್ರದಲ್ಲಿ ಗಾಳಿ ಬೆನ್ನಿಗಿರುವಂತೆ ನಿಲ್ಲಬೇಕು. ಇದನ್ನು ನಾನು ಯಾವ ವಿಡಿಯೊ ನೋಡಿಯೂ ಕಲಿತಿಲ್ಲ. ಹೊಟ್ಟು ಹಾರಿಸಿ ಕಾಳು ಹಸ ಮಾಡಲು ಮೊರ ಹಿಡಿದ ಯಾವ ಹೆಂಗಸಿಗೂ ಗೊತ್ತಿರುವ ಮಾತು. ಇವರು ಗಾಳಿಗೆ ಎದುರು ನಿಂತು ಬೀಸಿದರು. ಎಂಟನೇ ನಂಬರಿನ ಕೋಲು ಹಿಡಿದದ್ದು ಅವರದೇ ಟೊಪ್ಪಿಗೆಯನ್ನು. ಕಿವಿ ಉಳಿಯಿತು, ಅದು ದೊಡ್ಡದು.

ಊರಿಗೆ ಬಂದು ಎರಡು ದಿನಕ್ಕೆ ದಾರದ ರಾಟೆ ಉಪ್ಪು ತಿಂದು ತಿರುಗದಾಯಿತು. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕಿತ್ತಂತೆ. ಅದನ್ನು ಆಗ ಹೇಳಿದರು. ನಾನು ದೀಪದ ಸಾಮಾನಿನ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ರಾಟೆ ತಿರುಗಿತು. ಮೇಲಿನ ಕಪ್ಪು ಬಣ್ಣ ಅರ್ಧ ಹೋಯಿತು. ಎರಡು ದಿನ ಮಾತು ಬಿಟ್ಟರು. ಮನೆ ತಣ್ಣಗಿತ್ತು, ಅದೂ ಒಂದು ಕೃಪೆಯೇ.

ಹೋದ ಕಾರ್ತಿಕದ ಸೋಮವಾರ ಹೊಳೆಯ ದಂಡೆಯ ಗಳಗನಾಥಕ್ಕೆ ಹೋದೆವು. ಇವರು ಬದುಕಿ ಬಂದ ಲೆಕ್ಕಕ್ಕೆ ವರ್ಷಕ್ಕೊಮ್ಮೆ ಹೋಗಿ ಕಾಯಿ ಒಡೆಸುತ್ತೇವೆ. ಹಣ್ಣುಕಾಯಿಯ ಬುಟ್ಟಿಯ ಪಕ್ಕದಲ್ಲಿ ಐದನೇ ನಂಬರಿನ ಕೋಲೂ ಇತ್ತು. ಬೇಡ ಎಂದೆ. "ಗುಡಿಯಿಂದ ದೂರ ಹೋಗ್ತೀನಿ," ಎಂದರು. ದೇವರಿಗೆ ದೂರ ಯಾವುದು, ಹತ್ತಿರ ಯಾವುದು?

ಪೂಜೆ ಮುಗಿಸಿ ನಾನು ನೀರಿಗಿಳಿಯುವ ಕಲ್ಲಿನ ಮೇಲೆ ಕುಳಿತು ಮೀನಿಗೆ ಚುರುಮುರಿ ಹಾಕುತ್ತಿದ್ದೆ. ಇವರು ಕೂಗಳತೆಯಷ್ಟು ಆಚೆ, ಮೊಳಕಾಲು ನೀರಿನಲ್ಲಿ. ಹರಿಗೋಲು ಕಟ್ಟಿಕೊಂಡು ಕುಳಿತಿದ್ದ ಒಬ್ಬ ಮುದುಕ ಬಹಳ ಹೊತ್ತು ನೋಡಿ ಕೂಗಿದ.

"ಸಾಹೇಬ್ರ, ಒಂದೇ ಸವನ ಚಾಟಿ ಬೀಸಾಕತ್ತೀರಲ್ರಿ, ನೀರಾಗ ಎತ್ತು ಅದಾವೇನ್ರಿ?"

ಮುದುಕನಿಗೆ ಹಿಡಿ ಚುರುಮುರಿ ಕೊಟ್ಟೆ. ಅಷ್ಟು ಒಳ್ಳೆಯ ಮಾತು ನನಗೇ ಹೊಳೆದಿರಲಿಲ್ಲ.

ಅಷ್ಟರಲ್ಲಿ ಕೋಲು ಬಾಗಿತು, ನಾನು ಎದ್ದು ಆ ಕಡೆ ಓಡಿದೆ. ಎರಡು ವರ್ಷದಲ್ಲಿ ಅಷ್ಟು ದೊಡ್ಡದು ಅವರಿಗೆ ಎಂದೂ ಸಿಕ್ಕಿರಲಿಲ್ಲ. ಮೊಳದುದ್ದದ ಮೀನು, ಅರಿಸಿನ ಬಳಿದಂತಹ ಮೈ. ದಂಡೆಯ ಹತ್ತಿರ ಬರುವ ಹೊತ್ತಿಗೆ ಅದು ಅಡ್ಡಲಾಗಿತ್ತು, ನೀರು ಕೆಂಪಾಗಿತ್ತು. ಕೊಕ್ಕೆ ತುಟಿಗೆ ಚುಚ್ಚಿರಲಿಲ್ಲ, ಒಳಗೆ ಹೋಗಿ ಕಿವಿರಿಗೆ ತಾಗಿತ್ತು. ಇಷ್ಟೆಲ್ಲ ವಿಡಿಯೊ ನೋಡಿದವರು ಕೋಲು ಹಿಡಿದುಕೊಂಡೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ.

"ಕೈ ತೋಯಿಸ್ಕೋರಿ ಅವ್ವಾರ," ಮುದುಕ ಓಡಿ ಬಂದ. "ಒಣಗೈಲೆ ಹಿಡದ್ರ ಮೈಮ್ಯಾಲಿನ ಲೋಳಿ ಹೋಕ್ಕೈತಿ. ಮ್ಯಾಲೆ ಎತ್ತಬ್ಯಾಡ್ರಿ. ಬಾಯಿ ಹರಿಯೋ ನೀರಿಗೆ ಎದುರು ಇರ್ಲಿ."

ಮುಳ್ಳು ಒತ್ತಿ ಮಲಗಿಸಿದ್ದರಿಂದ ಕೊಕ್ಕೆ ಜಾರಿ ಬಂತು. ಅದಕ್ಕೆ ಅಂಟಿದ್ದು ನವಿಲುಗರಿ, ಅದಕ್ಕೆ ಬಿದ್ದಿದ್ದು ನನ್ನ ಮಲ್ಲಿಗೆ ಗಂಟು. ಎರಡೂ ಅಂಗೈ ಬಟ್ಟಲು ಮಾಡಿ ಮೀನನ್ನು ಹಿಡಿದು ನಿಂತೆ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಮ್ಮೆ ತೆರೆದು ಬಹಳ ಹೊತ್ತು ಮುಚ್ಚಲಿಲ್ಲ. ಆಸ್ಪತ್ರೆಯ ಗಾಜಿನಾಚೆ ಇವರ ಎದೆ ಏರುವುದನ್ನು ಹೀಗೆಯೇ ಕಾದು ನಿಂತಿದ್ದೆ. ಸಂಕಟದಲ್ಲಿ ಬಾಯಿಗೆ ಅದೇ ಹಳೆಯ ಮಾತು ಬಂತು, ಎಬ್ಬಿಸಿ ಕಳಿಸಪ್ಪಾ. ಹೇಳಿ ನಾಚಿಕೆಯಾಯಿತು. ಯಾವ ಮುಖ ಇಟ್ಟುಕೊಂಡು ಎರಡನೆಯ ಸಲ ಕೇಳುವುದು?

ಕೊನೆಗೊಮ್ಮೆ ಬಾಲ ಅಂಗೈಗೆ ಬಡಿಯಿತು. ನೆಟ್ಟಗಾಯಿತು, ಜಾರಿತು, ಹೋಯಿತು.

"ಬದಕತೈತೇನ್ರಿ?" ಇವರು ಕಲ್ಲಿನ ಮೇಲಿಂದಲೇ ಕೇಳಿದರು.

"ಹೋಗೂದೇನೋ ಹೋತ್ರಿ," ಎಂದ ಮುದುಕ. "ಮುಂದಿಂದು ನನಗ ಹೆಂಗ ಗೊತ್ತಾಗಬೇಕ್ರಿ?"

ತೋಯ್ದ ಸೀರೆಯಲ್ಲೇ ಇವರ ಪಕ್ಕ ಕುಳಿತೆ. "ಕೇಳ್ರಿ ಇಲ್ಲಿ. ನಾ ಬೇಡಿಕೊಂಡಾಗ ಸಾವು ಅಂದಿದ್ದಿಲ್ಲ. ನೋವು ಅಂದಿದ್ದೆ. ಒಂದು ಜೀವಕ್ಕೂ ನೋವಾಗಬಾರದು ಅಂತ."

ದಾರವನ್ನು ರಾಟೆಗೆ ಸುತ್ತಿದರು. "ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವು ಮೆಟ್ಟಲಾ ಹತ್ತಿದ್ರಿ."

ಅವರು ಜಾಕೀಟಿನ ಕಿಸೆ ಒಂದೊಂದಾಗಿ ಹುಡುಕಿ ಇಕ್ಕಳ ತೆಗೆದರು. ಡಬ್ಬಿಯಲ್ಲಿದ್ದ ನೊಣಗಳನ್ನು ಒಂದೊಂದೇ ಹಿಡಿದು ಕೊಕ್ಕೆಯ ಬಾಗಿದ ತುದಿಯನ್ನೇ ಕತ್ತರಿಸಿದರು. ಟಕ್, ಟಕ್. ಮುಳ್ಳೂ ಇಲ್ಲ, ಮೊನೆಯೂ ಇಲ್ಲ. ತುಂಡುಗಳನ್ನು ನಾನು ಸೆರಗಿನಲ್ಲಿ ಹಿಡಿದೆ, ಬರಿಗಾಲಿನಲ್ಲಿ ಬರುವವರಿಗೆ ಚುಚ್ಚಬಾರದೆಂದು. ಆಮೇಲೆ ತಿರುಗಿ ಗುಡಿಗೆ ಹೋಗಿ ಇಬ್ಬರೂ ಅಡ್ಡಬಿದ್ದೆವು. ನಾನು ಸ್ವಲ್ಪ ಹೆಚ್ಚು ಹೊತ್ತು.

ಈಗ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಕುಮಾರಪಟ್ಟಣದ ಕಡೆ ಹೊಳೆಗೆ ಹೋಗುತ್ತಾರೆ. ದಂಡೆಗುಂಟ ಮೈಲುಗಟ್ಟಲೆ ನಡೆಯುತ್ತಾರೆ. ಮೊನೆಯಿಲ್ಲದ ನೊಣವನ್ನು ಬೀಸುತ್ತಾರೆ. ಮೀನು ಬರುತ್ತದೆ, ಬಾಯಿ ಹಾಕುತ್ತದೆ, ಒಮ್ಮೆ ಜಗ್ಗುತ್ತದೆ, ಇದು ತಿನ್ನುವಂಥದ್ದಲ್ಲ ಎಂದು ಉಗುಳಿ ಹೋಗುತ್ತದೆ. ಫೋಟೊ ತೆಗೆಯಲು ಏನೂ ಸಿಗುವುದಿಲ್ಲ. ಮೊನ್ನೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಕೂಗಿದರು, "ಏ, ಇವತ್ತ ಮೂರು ಸಲ ಜಗ್ಗಿತು!"

"ಮೂರು ಸಲ ಉಗುಳಿಸ್ಕೊಂಡು ಬಂದ್ರಿ ಅನ್ರಿ," ಎಂದೆ. "ಕೈಕಾಲು ತೊಳಕೊಂಡು ಬರ್ರಿ, ರೊಟ್ಟಿ ಆರಾಕತ್ತಾವು."